ಬಣ್ಣದ ತಗಡಿನ ಮೇಲೆ ಕುಸುಬಿ ಎಣ್ಣೆ

ಕಾಲುವೆಗಳಿಗೆ ಹೊಸ ಗೇಟು ಕೂಡಿಸುತ್ತಿದ್ದ ವರ್ಷಗಳವು. ದೋರನಹಳ್ಳಿಯ ಕೂಲಿಕಾರರ ಮಗಳು ಸುಂದ್ರಮ್ಮ ರಸಾಯನಶಾಸ್ತ್ರ ಓದಿ, ಭೀಮರಾಯನಗುಡಿಯ ಹತ್ತಿರ ಒಬ್ಬ ಗುತ್ತಿಗೆದಾರನ ಪರೀಕ್ಷಾ ಕೋಣೆಯಲ್ಲಿ ಕೆಲಸಕ್ಕೆ ಸೇರಿದ್ದಳು. ಗೇಟಿಗೆ ಬಳಿದ ಬಣ್ಣವನ್ನೇ ಒಂದು ತಗಡಿನ ತುಂಡಿಗೂ ಹಚ್ಚಿ ಅವಳಿಗೆ ಕೊಡುತ್ತಿದ್ದರು. ಅದರ ಮೇಲೆ ಯಂತ್ರವು ಕಣ್ಣಿಗೆ ಕಾಣದ ಅವಕೆಂಪು ಬೆಳಕು ಬಿಡುತ್ತಿತ್ತು. ಬಣ್ಣದಲ್ಲಿರುವ ಪ್ರತಿ ವಸ್ತುವೂ ತನ್ನ ಪಾಲಿನ ಬೆಳಕನ್ನು ನುಂಗುತ್ತದೆ. ನುಂಗಿದಲ್ಲಿ, ಯಂತ್ರ ಕಾಗದದ ಮೇಲೆ ಎಳೆಯುವ ಗೆರೆ ತಗ್ಗು ಬೀಳುತ್ತದೆ. ಗೇಟಿಗೆ ಬಳಿಯಬೇಕಾದ ಎಪಾಕ್ಸಿ ಬಣ್ಣದ ತಗ್ಗು ಬೇರೆ, ಎಣ್ಣೆಯ ತಗ್ಗು ಬೇರೆ.

ಪೇಂಟರ್ ಶರೀಫಸಾಬನ ತಗಡಿನಲ್ಲಿ ಎಣ್ಣೆಯ ತಗ್ಗು ಕಂಡಿತು. ಅಗ್ಗದ ಎಣ್ಣೆಬಣ್ಣ ಬೆರೆಸಿದ್ದಾನೆಂದು ಅವನನ್ನು ಕೆಲಸದಿಂದ ಬಿಡಿಸಿದರು.

ಕೆಲವು ದಿನಗಳ ಮೇಲೆ ಸುಂದ್ರಮ್ಮ, ಯಂತ್ರ ಸರಿಯಿದೆಯೇ ಎಂದು ನೋಡಲು, ಬಣ್ಣವನ್ನೇ ಕಾಣದ ಬರಿ ತಗಡೊಂದನ್ನು ಯಂತ್ರಕ್ಕಿಟ್ಟಳು. ಅಲ್ಲಿಯೂ ಅದೇ ತಗ್ಗು! ಬೆರಳು ಮೂಸಿ ನೋಡಿಕೊಂಡಳು. ಮಧ್ಯಾಹ್ನದ ರೊಟ್ಟಿ, ಶೇಂಗಾ ಹಿಂಡಿ, ಅದರ ಮೇಲೆ ಬಿಟ್ಟುಕೊಂಡ ಕುಸುಬಿ ಎಣ್ಣೆ. ಕೈಗವಸು ಗೋಡೆಯ ಮೊಳೆಗೆ ತೂಗುತ್ತಿತ್ತು. ಶರೀಫಸಾಬನ ತಗಡು ಬಂದ ದಿನವೂ ಅಲ್ಲೇ ತೂಗುತ್ತಿತ್ತು. ಅವನ ತಗಡನ್ನು ಹುಡುಕಿ, ಸ್ಪಿರಿಟ್‌ನಿಂದ ಒರೆಸಿ ಮತ್ತೆ ಇಟ್ಟಳು. ಎಣ್ಣೆಯ ತಗ್ಗು ಇರಲಿಲ್ಲ.

ಗುತ್ತಿಗೆದಾರನ ಎಂಜಿನಿಯರ್ ಬಸವಂತ್ರಾಯ ಅವಳು ಹೇಳಿದ್ದೆಲ್ಲ ಕೇಳಿ, ಬಾಗಿಲು ಮುಂದೆ ಮಾಡಿದರು. "ಮಷಿನ್ ಕೆಟ್ಟಿತ್ತು ಅಂತ ಬರಿಯವ್ವಾ. ನಿನ್ನ ನೌಕರಿ ಇನ್ನಾ ಕಾಯಂ ಆಗಿಲ್ಲ, ನೆಪ್ಪಿರಲಿ."

ಅವಳು ಹಾಗೆಯೇ ಬರೆದಳು.

ಶರೀಫಸಾಬನಿಗೆ ಕೆಲಸ ಮರಳಿ ಸಿಕ್ಕಿತು. ಆದರೆ ಯಂತ್ರ ಕೆಟ್ಟಿತ್ತೆಂಬುದನ್ನು ಜನ ನಂಬಲಿಲ್ಲ. ಒಂದು ಬೆಳಿಗ್ಗೆ ಸುಂದ್ರಮ್ಮ ತಗಡು ತರಲು ಗೇಟಿನ ಹತ್ತಿರ ಹೋದಾಗ, ಕೂಲಿಯ ಭಾಗಣ್ಣ ಎಲ್ಲರೆದುರು ಕೂಗುತ್ತಿದ್ದ.

"ಏ ಸಾಬ, ಇವತ್ತ ಒಗ್ಗರಣಿಗೆ ಎಣ್ಣಿ ಎಷ್ಟ ಹಾಕಿದಿ?"

"ನಿನ್ನ ತಲಿಗೆ ಹಚ್ಚೂವಷ್ಟು ಉಳದೈತಿ, ಬಾ."

"ಮಷಿನ್ ಕೆಟ್ಟಿತ್ತಂತ! ಯಾರ ಕೈ ಬಿಸಿ ಮಾಡ್ಯಾನೋ ಏನೋ."

ಎಲ್ಲರೂ ನಕ್ಕರು. ಶರೀಫಸಾಬ ಕುಂಚ ಕೆಳಗಿಟ್ಟು ಸುಂದ್ರಮ್ಮನ ಕಡೆ ತಿರುಗಿದ.

"ಮೇಡಂ, ಮಷಿನ್ನಿಗೆ ಏನಾಗಿತ್ರಿ? ಇವರಿಗೆ ಒಂದೀಟು ತಿಳಿಸಿ ಹೇಳ್ರಿ."

ಅವನಿಗೆ ಅವಳ ಮೇಲೆ ಪೂರ್ತಿ ಭರವಸೆಯಿತ್ತು. ಅದನ್ನು ಅವಳಿಂದ ತಾಳಿಕೊಳ್ಳಲಾಗಲಿಲ್ಲ.

"ಮಷಿನ್ನಿಗೆ ಏನೂ ಆಗಿದ್ದಿಲ್ಲ, ಕಾಕಾ. ರೊಟ್ಟಿ ತಿಂದ ಕೈಲೆ ನಿಮ್ಮ ತಗಡ ಹಿಡಿದಿದ್ದೆ. ಎಣ್ಣಿ ನಂದು. ತಪ್ಪು ಮಷಿನ್ ಮ್ಯಾಗ ಹಾಕಿದಾಕಿನೂ ನಾನ."

ಭಾಗಣ್ಣ ಬುಟ್ಟಿ ಎತ್ತಿಕೊಂಡು ಸರಿದ.

"ಆವತ್ತ ಹೇಳಬೇಕಿತ್ತವ್ವಾ," ಎಂದು ಶರೀಫಸಾಬ ಕುಂಚ ಎತ್ತಿಕೊಂಡು ಗೇಟಿನ ಕಡೆ ಮುಖ ಮಾಡಿದ.