ನೋಡಿದ್ದೇನೆ ಎಂಬ ಗುರುತು

ಮೊನ್ನೆ ನನ್ನಾಕೆ ಬೀರು ತೆಗೆದಾಗ ನುಸಿಗುಳಿಗೆಯ ವಾಸನೆ ಬಂತು. ನಿಮಗೆ ಅದರಿಂದ ರೇಷ್ಮೆ ಸೀರೆ ನೆನಪಾಗಬಹುದು. ನನಗೆ ನೆನಪಾಗುವುದು ಒಣಗಿದ ಗಿಡ ಅಂಟಿಸಿಟ್ಟ ಹಾಳೆಗಳು, ಪದ್ಮಾವತಿ ಮೇಡಂ.

ಅರವತ್ತರ ದಶಕದ ಕೊನೆ. ನೆಲಮಂಗಲದಿಂದ ದಿನಾ ಬಸ್ಸು ಹಿಡಿದು ಬೆಂಗಳೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ನಮ್ಮ ವಿಭಾಗದ ಹಿರಿಯರಾದ ಮೇಡಂ ಶಿವಗಂಗೆ ಬೆಟ್ಟದ ಗಿಡಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದರು. ನನ್ನನ್ನೂ ಸೇರಿಸಿಕೊಂಡು, ಮುಖಪುಟದಲ್ಲಿ ಇಬ್ಬರ ಹೆಸರೂ ಇರಲಿ ಎಂದಿದ್ದರು. ನಾನು ಊರಿಗೆಲ್ಲ ಹೇಳಿಕೊಂಡು ಓಡಾಡಿದೆ.

ಗಿಡದ ವಿವರಣೆಗೆ ಅದರದೇ ಮಡಿ ಉಂಟು. ಕ್ರಿಯಾಪದ ಕೂಡದು. ಎಲೆಯ ಗುಣಗಳ ನಡುವೆ ಅಲ್ಪವಿರಾಮ, ಎಲೆ ಮುಗಿಸಿ ಹೂವಿಗೆ ದಾಟುವಾಗ ಅರ್ಧವಿರಾಮ. ಸಾಹಿತ್ಯದ ಹುಚ್ಚಿನಲ್ಲಿ ನಾನು ಹೂವು ಮನಮೋಹಕವಾಗಿದೆ ಎಂದು ಬರೆದಿದ್ದೆ.

“ಏನಪ್ಪಾ, ಲಗ್ನಪತ್ರಿಕೆ ಬರೀತಿದೀಯಾ? ಎಷ್ಟು ಎಸಳು, ಎಷ್ಟುದ್ದ, ಅಷ್ಟು ಹೇಳು ಸಾಕು” ಎಂದರು ಮೇಡಂ.

ಎಲ್ಲಕ್ಕಿಂತ ಅವರು ಬಿಗಿಯಾಗಿದ್ದುದು ಆಶ್ಚರ್ಯಸೂಚಕ ಚಿಹ್ನೆಯ ವಿಷಯದಲ್ಲಿ. ಹಳಬರು ಒಣಗಿಸಿಟ್ಟ ಗಿಡದ ಹಾಳೆಯ ಸಂಖ್ಯೆಯ ಮುಂದೆ ಅದನ್ನು ಹಾಕಿದರೆ, ಪುಸ್ತಕ ಬರೆದವರು ಈ ಹಾಳೆಯನ್ನು ಕಣ್ಣಾರೆ ನೋಡಿದ್ದಾರೆ ಎಂದರ್ಥ.

ನಗರದ ಸಂಗ್ರಹಾಲಯದಲ್ಲಿ ಹಾಳೆಗಳನ್ನು ನೋಡುವ ಕೆಲಸ ನನ್ನದಾಗಿತ್ತು. ಒಂದು ಸಂಜೆ ನೋಡಬೇಕಾದದ್ದು ಒಂದೇ ಒಂದು ಹಾಳೆ ಉಳಿದಿತ್ತು, ಬಸ್ಸಿಗೆ ಹೊತ್ತಾಗಿತ್ತು. ಹಾಳೆ ತೆಗೆಸದೆಯೇ ಹಳೆಯ ಪುಸ್ತಕದ ವಿವರಣೆಯನ್ನು ಇಳಿಸಿಕೊಂಡು, ಚಿಹ್ನೆ ಹಾಕಿ ಎದ್ದುಬಿಟ್ಟೆ. ಒಂದು ಗಿಡ ತಾನೆ!

ತಿಂಗಳ ನಂತರ ಮೇಡಂ ಸಂಗ್ರಹಾಲಯದ ಕಾಗದವೊಂದನ್ನು ನನ್ನ ಮುಂದಿಟ್ಟರು. ಆ ಹಾಳೆ ವರ್ಷದಿಂದ ಹೊರದೇಶಕ್ಕೆ ಎರವಲು ಹೋಗಿದೆ ಎಂದು ಅದರಲ್ಲಿತ್ತು.

“ಇಲ್ಲದ್ದನ್ನ ಹೆಂಗಪ್ಪಾ ನೋಡ್ದೆ?”

“ನೋಡ್ಲಿಲ್ಲ ಮೇಡಂ.”

“ಇನ್ನು ಮಿಕ್ಕಿದ್ದನ್ನೂ ನಾನೇ ನೋಡ್ಬೇಕು. ಮುಖಪುಟದಲ್ಲಿ ನಿನ್ನ ಹೆಸರಿನ ವಿಷಯ ನೀನೇ ಹೇಳು.”

“ಬೇಡ ಮೇಡಂ” ಎಂದೆ. ಬೇಕು ಎನ್ನಲು ಬಾಯಿ ಬರಲಿಲ್ಲ. ಮಂಡಿನೋವಿನ ಆ ಹೆಂಗಸು ಬೇಸಿಗೆಯಿಡೀ ಸಂಗ್ರಹಾಲಯದ ಮೆಟ್ಟಿಲು ಹತ್ತಿ, ನಾನು ನಿಜವಾಗಿ ನೋಡಿದ್ದ ಹಾಳೆಗಳನ್ನೆಲ್ಲ ಮತ್ತೆ ನೋಡಿದರು. ಹೆಸರು ಹೋದದ್ದಕ್ಕಿಂತ ಅದೇ ನನ್ನನ್ನು ಹೆಚ್ಚು ಸುಟ್ಟಿತು. ಪುಸ್ತಕ ಬಂದಾಗ ಆ ಒಂದು ಸಂಖ್ಯೆಯ ಮುಂದೆ ಮಾತ್ರ ಜಾಗ ಖಾಲಿಯಿತ್ತು. ಆ ಹಾಳೆ ಮರಳುವ ಮೊದಲೇ ಮೇಡಂ ತೀರಿಕೊಂಡರು.

ಬೀರು ತೆಗೆದ ಮರುದಿನ ಸಂಗ್ರಹಾಲಯಕ್ಕೆ ಹೋದೆ. ಹಾಳೆ ಈಗ ಅಲ್ಲಿದೆ. ಎಲೆ ನಾಲ್ಕು, ಹೂ ಎರಡು, ಒಂದನ್ನು ಹುಳ ತಿಂದಿದೆ. ಗಡಿಬಿಡಿಯಿಲ್ಲದೆ ನೋಡಿದೆ. ಮನೆಗೆ ಬಂದು ಅವರ ಪುಸ್ತಕ ಬಿಡಿಸಿ, ಆ ಖಾಲಿ ಜಾಗದ ಮೇಲೆ ಪೆನ್ನು ಹಿಡಿದೆ. ಆ ಗುರುತು ಹಾಕುವ ಹಕ್ಕು ಪುಸ್ತಕ ಬರೆದವರದು. ಪೆನ್ನಿನ ಮುಚ್ಚಳ ಹಾಕಿದೆ.