ಚಾವಡಿಗೆ ಬಿದ್ದ ತುಂಬು ಗೆರೆ

೧೯೬೫ರಲ್ಲಿ ನಾನು ಸಾಗರದ ಎಂಜಿನಿಯರಿಂಗ್ ಕಚೇರಿಯೊಂದರಲ್ಲಿ ಟ್ರೇಸರ್. ಎಂಜಿನಿಯರರ ಪೆನ್ಸಿಲ್ ನಕ್ಷೆಯ ಮೇಲೆ ಪಾರದರ್ಶಕ ಬಟ್ಟೆ ಹಾಸಿ ಇಂಕಿನಲ್ಲಿ ತಿದ್ದುವ ಕೆಲಸ. ಸಂಬಳಕ್ಕೆ ಗೆರೆಗಳ ನಕಲು. ಪುಕ್ಕಟೆಯಾಗಿ ಎಲ್ಲರ ಮಾತಿನ ನಕಲು. ನಾಲ್ಕು ವರ್ಷದ ಸರ್ವೀಸಿಗೇ ಅನುಭವ ಬರೆಯಲು ಕೂತೆನೆಂದು ನಗಬೇಡಿ, ಹಿರಿಯರ ಧಾಟಿಯೂ ನನಗೆ ಬರುತ್ತದೆ.

ಪೇಟೆಗೆ ಹೊಸ ವಾಚನಾಲಯ ಬರುವುದಿತ್ತು. ನಮ್ಮ ಎಂಜಿನಿಯರ್ ರಾಯರು ಅದಕ್ಕೆ ಅಲೆಅಲೆಯಾದ ಕಾಂಕ್ರೀಟ್ ಸೂರು, ತಟ್ಟೆಯಂಥ ದುಂಡು ಕಿಟಕಿಗಳನ್ನು ಬರೆದಿದ್ದರು. ಪಕ್ಕದ ಹಳೇ ಚಾವಡಿ ಕೆಡವಿ, ಆ ಮರವನ್ನು ಸೆಂಟ್ರಿಂಗಿಗೆ, ಅಂದರೆ ಕಾಂಕ್ರೀಟ್ ಸುರಿಯುವ ಅಚ್ಚಿಗೆ, ಬಳಸಬೇಕೆಂದು ತೀರ್ಮಾನ. ಅಚ್ಚು ಮಾಡಲು ಕರೆಸಿದ್ದು ಮರಗೆತ್ತನೆಯ ಮಂಜಪ್ಪ ಗುಡಿಗಾರರನ್ನು. ಚಾವಡಿಯ ಕಂಬಗಳನ್ನೂ ಅವುಗಳ ತಲೆಯ ಬೋದಿಗೆಗಳನ್ನೂ ಕೆತ್ತಿದ್ದು ಅವರ ಅಪ್ಪ.

"ಅಪ್ಪಯ್ಯನ ಕಂಬಕ್ಕೆ ನನ್ ಕೈಯಲ್ಲೇ ಗರಗಸ ಇಡಿಸ್ತೀರಾ, ಮರಿ?" ಎಂದು ನನ್ನನ್ನು ಕೇಳಿದರು. ಎಲ್ಲರ ದನಿ ಬರುವ ನನಗೆ ಆಗ ನನ್ನ ದನಿಯೇ ಬರಲಿಲ್ಲ.

ನಕ್ಷೆಯಲ್ಲಿ ಕೆಡವುವ ಕಟ್ಟಡಕ್ಕೆ ಚುಕ್ಕೆ ಗೆರೆ, ಉಳಿಯುವುದಕ್ಕೆ ತುಂಬು ಗೆರೆ. ಟ್ರೇಸ್ ಮಾಡುತ್ತಲೇ ಗುಮಾಸ್ತರನ್ನು ನಗಿಸಲು ರಾಯರ ದನಿ ತೆಗೆದೆ: "ಗೆರೆ ನೀಟಾಗಿರಬೇಕು, ಅಂಡರ್‌ಸ್ಟ್ಯಾಂಡ್?" ನಗೆಯ ಭರದಲ್ಲಿ ಚಾವಡಿಗೆ ನೀಟಾಗಿ ತುಂಬು ಗೆರೆ ಬಿತ್ತು. ರಾಯರು ಅವಸರದಲ್ಲಿ ಸಹಿ ಹಾಕಿ ಹೊಸನಗರ, ತೀರ್ಥಹಳ್ಳಿ ಕಡೆಯ ಕೆಲಸಗಳಿಗೆ ಹೊರಟರು. ಬ್ಲೂಪ್ರಿಂಟ್ ನೋಡಿದ ಮೇಸ್ತ್ರಿ ಚಾವಡಿ ಮುಟ್ಟದೆ ಬೇರೆ ಹಲಗೆ ತರಿಸಿದ.

ರಾಯರು ಮರಳಿದಾಗ ಅಚ್ಚು ಎದ್ದು ನಿಂತಿತ್ತು. ಚಾವಡಿಯೂ!

"ತಪ್ಪು ನನ್ನದು ಸಾರ್," ಎಂದೆ. ಮಂಜಪ್ಪನವರು ಉಳಿಯನ್ನು ಕೆಳಗಿಟ್ಟರು.

ರಾಯರು ಅಚ್ಚಿನ ಅಂಚು ಸವರಿದರು. "ಇಷ್ಟು ಚೆಂದದ ಬಾಗು ನಾನು ಬರೆದಿರಲಿಲ್ಲವಲ್ಲ. ಎಲ್ಲಿಂದ ಬಂತು?"

"ಅಪ್ಪಯ್ಯನ ಹತ್ರ ಕೇಳ್ದೆ, ಸ್ವಾಮಿ," ಎಂದ ಮಂಜಪ್ಪನವರು ಚಾವಡಿಯ ಬೋದಿಗೆ ತೋರಿಸಿದರು. ಅದಕ್ಕೆ ರಟ್ಟು ಒತ್ತಿ ಗುರುತು ಮಾಡಿಕೊಂಡು, ಅದೇ ಬಾಗನ್ನು ಹಿಗ್ಗಿಸಿ ಹಲಗೆ ಕೊಯ್ದಿದ್ದರು. ರಾಯರು ಬೋದಿಗೆಯಿಂದ ಅಲೆಗೆ, ಅಲೆಯಿಂದ ಬೋದಿಗೆಗೆ ಎಷ್ಟೋ ಸಲ ಕಣ್ಣಾಡಿಸಿದರು.

"ನಕ್ಷೆ ತಿದ್ದಿ ತರಲಾ ಸಾರ್?"

"ಯಾಕಯ್ಯಾ? ಗೆರೆ ನೀಟಾಗಿದೆ, ಅಂಡರ್‌ಸ್ಟ್ಯಾಂಡ್?"

ಅದು ಅವರ ಮಾತಿನ ರೀತಿಯಲ್ಲ. ಅವರನ್ನು ಅಣಕಿಸುವಾಗ ನಾನು ಆಡುವ ರೀತಿ!

ಈಗ ಮಕ್ಕಳು ದುಂಡು ಕಿಟಕಿಯಲ್ಲಿ ಮುಖ ತೂರಿಸಿ ಕೋಡಂಗಿಯಾಟ ಆಡುತ್ತವೆ. ಪೇಪರ್ ಹಿಡಿದ ಹಿರಿಯರು ಚಾವಡಿಗೆ ಬಂದು ಕಂಬಕ್ಕೊರಗುತ್ತಾರೆ. ನನ್ನ ಕಸುಬು ಕಲಿಸಿದ್ದು ಇಷ್ಟೇ: ಚೆನ್ನಾಗಿ ನಕಲು ಮಾಡಬೇಕೆಂದರೆ ಮೂಲ ಪಕ್ಕದಲ್ಲೇ ನಿಂತಿರಬೇಕು.