ವಿಮಾನದಿಂದ ಬಿದ್ದ ಮೇಸ್ತ್ರಿ

ಅವರ ಬಲ ಅಂಗೈಗೆ ಸದಾ ಒಂದು ಚರ್ಮದ ಪಟ್ಟಿ ಕಟ್ಟಿರುತ್ತಿತ್ತು. ದಪ್ಪ ಸೂಜಿಯ ಹಿಂಬದಿಯನ್ನು ಅದಕ್ಕೆ ಒತ್ತಿ ಟಾರ್ಪಾಲಿನೊಳಗೆ ತೂರಿಸುತ್ತಿದ್ದರು. ಊಟಕ್ಕೆ ಕೂತಾಗ ಬಿಚ್ಚಿದರೆ ಅದರಡಿಯ ಜಾಗ ಮಾತ್ರ ಬೆಳ್ಳಗೆ, ಉಳಿದ ಕೈಯೆಲ್ಲ ಅದಿರಿನ ಧೂಳಿಗೆ ಕೆಂಪು. ಹೊಸಪೇಟೆಯ ಸಂಡೂರು ರಸ್ತೆಯಲ್ಲಿ ಅವರ ಅಂಗಡಿ. ಅದಿರು ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದ ಆ ವರ್ಷಗಳಲ್ಲಿ ಟಾರ್ಪಾಲು ಹೊಲಿದು ಸೀಟು ಕಟ್ಟುವ ಅವರಿಗೆ ಪುರುಸೊತ್ತೇ ಇರಲಿಲ್ಲ. ಎಲ್ಲರೂ ಮೇಸ್ತ್ರಿ ಅನ್ನುತ್ತಿದ್ದರು. ನಾನೂ.

ನಾನು ಆಗಷ್ಟೇ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದ್ದೆ. ಚೋರನೂರಿನ ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲಿಗ. ಅವ್ವ ಗಣಿಯಲ್ಲಿ ಕಲ್ಲು ಆರಿಸುವ ಕೂಲಿಗೆ ಹೋಗಿ ಓದಿಸಿದ್ದಳು. ಆ ಹೆಮ್ಮೆ ನನಗೆ ಇವತ್ತಿಗೂ ಇದೆ, ಮುಚ್ಚಿಡುವುದಿಲ್ಲ. ಆದರೆ ಆಗ ಅದರ ಜೊತೆಗೆ ಒಂದು ಹೆದರಿಕೆಯೂ ಇತ್ತು. ನಾಲ್ಕು ಜನರ ಮುಂದೆ ಸಣ್ಣವನಾದರೆ ಡಿಗ್ರಿಯೇ ಹೋಗಿಬಿಡುತ್ತದೆ ಅನ್ನುವ ಹೆದರಿಕೆ.

ಕೆಲಸ ಸಿಕ್ಕಿದ್ದು ಒಬ್ಬ ಗಣಿ ಧಣಿಯ ಹತ್ತಿರ. ಅವರಿಗೆ ಸ್ವಂತ ವಿಮಾನದ ಹುಚ್ಚು ಹತ್ತಿತ್ತು. ಇಬ್ಬರು ಕೂರುವ ಪುಟ್ಟ ವಿಮಾನ, ಬಿಡಿಭಾಗಗಳಾಗಿ ಪೆಟ್ಟಿಗೆಗಳಲ್ಲಿ ಬಂದಿತ್ತು. ಸಂಡೂರಿನ ಹತ್ತಿರದ ಲಾರಿ ಶೆಡ್ಡಿನಲ್ಲಿ ಅದನ್ನು ಜೋಡಿಸುತ್ತಿದ್ದೆವು. ಸೀಟು ಮತ್ತು ಬೆಲ್ಟು ಆ ಪೆಟ್ಟಿಗೆಗಳಲ್ಲಿ ಇರಲಿಲ್ಲ. ಅದಕ್ಕೇ ಮೇಸ್ತ್ರಿಯನ್ನು ಕರೆಸಿದ್ದು.

ಬಂದ ದಿನವೇ ಕೇಳಿದರು, "ಸಾಹೇಬ್ರ, ಬೆಲ್ಟು ಯಾವುದಕ್ಕ ಕಟ್ತೀರಿ?"

"ಸೀಟಿಗೆ."

"ಸೀಟು ಕಿತ್ಕೊಂಡು ಹೋದ್ರ ಮನಷ್ಯಾನೂ ಅದರ ಜತಿಗೇ ಹೋಗ್ತಾನಲ್ರಿ. ಚಾಸಿಗೆ ಕಟ್ರಿ."

"ವಿಮಾನಕ್ಕೆ ಚಾಸಿ ಇರಲ್ಲ ಮೇಸ್ತ್ರಿ," ಅಂತ ನಕ್ಕೆ.

"ಎಲುಬು ಇರ್ತಾವಲ್ಲ? ಅದಕ್ಕ ಕಟ್ರಿ."

ಅವರು ಹೇಳಿದ್ದು ಸರಿಯಾಗಿತ್ತು. ನಕ್ಷೆಯಲ್ಲೂ ಹಾಗೇ ಇತ್ತು, ನಾನೇ ಸರಿಯಾಗಿ ನೋಡಿರಲಿಲ್ಲ. ಪಲ್ಟಿಯಾದ ಲಾರಿಗಳ ಸೀಟು ಬಿಚ್ಚಿ ಬಿಚ್ಚಿ, ಯಾವುದು ಮೊದಲು ಹರಿಯುತ್ತದೆ ಅನ್ನುವುದನ್ನು ಅವರು ಕಣ್ಣಾರೆ ಕಂಡಿದ್ದರು. ಹಳೇ ಬೆಲ್ಟಿನ ಪಟ್ಟಿಯನ್ನಂತೂ ಮತ್ತೆ ಹೊಲಿಯುತ್ತಲೇ ಇರಲಿಲ್ಲ. "ಒಂದ್ಸಲ ಜಗ್ಗಿದ ಪಟ್ಟಿ ಅದನ್ನ ಮರಿಯಂಗಿಲ್ಲ," ಅನ್ನುತ್ತಿದ್ದರು.

ತಕರಾರು ಹುಟ್ಟಿದ್ದು ಬಕಲ್ಲಿಗೆ. ಧಣಿ ಯಾವುದೋ ಕಾರಿನ ಅಂಗಡಿಯಿಂದ ಮಿರಿಮಿರಿ ಮಿಂಚುವ ಬಕಲ್ ತಂದಿದ್ದರು. ನಡುವೆ ಕೆಂಪು ಗುಂಡಿ, ಒತ್ತಿದರೆ ಪಟ್ಟಿಗಳೆಲ್ಲ ಬಿಚ್ಚಿಕೊಳ್ಳಬೇಕು. ಮೇಸ್ತ್ರಿಗೆ ಬೇಕಾಗಿದ್ದು ಹಳೇ ನಮೂನೆಯದು. ತಗಡಿನ ಮುಚ್ಚಳ ಎತ್ತಿದಂತೆ ಎತ್ತಿದರೆ ಬಿಚ್ಚುವಂಥದ್ದು.

"ಇದು ಕುಂತಾಗ ಬಿಚ್ತೈತ್ರಿ. ತಲಿ ಕೆಳಗಾದಾಗ? ಮೈಭಾರೆಲ್ಲ ಅದರ ಮ್ಯಾಲೇ ಬೀಳ್ತೈತಿ. ಒಳಗ ನಮ್ಮ ಕೆಂಪು ಧೂಳು ಬ್ಯಾರೆ. ಒಂದು ಕೈಲೆ ಬಿಚ್ಚಾಕ ಬರಬೇಕ್ರಿ, ಇನ್ನೊಂದು ಕೈ ಮುರಿದಿರತೈತಿ."

ಪ್ರತಿ ಭಾಗಕ್ಕೂ 'ಪರೀಕ್ಷಿಸಿದ್ದೇನೆ' ಅಂತ ಸಹಿ ಮಾಡುವ ಹಾಳೆಯೊಂದಿತ್ತು. ಬಕಲ್ಲಿನ ಮುಂದೆ ನಾನು ಸಹಿ ಮಾಡಿ ಆಗಿತ್ತು. ಗುಂಡಿಯನ್ನು ಎರಡು ಸಲ ಒತ್ತಿ ನೋಡಿದ್ದೇ ನನ್ನ ಪರೀಕ್ಷೆ. ಧಣಿ ತಂದದ್ದನ್ನು ಬೇಡ ಅನ್ನುವ ಧೈರ್ಯ ನನಗಿರಲಿಲ್ಲ.

ಮೇಸ್ತ್ರಿ ಶೆಡ್ಡಿನ ಚೈನ್ ಪುಲ್ಲಿ ತೋರಿಸಿದರು. "ಸೀಟಿನ ಚೌಕಟ್ಟು ಅದಕ್ಕ ತಲೆಕೆಳಗ ಕಟ್ಟೋಣ. ನೀವು ಜೋತುಬಿದ್ದು ಬಿಚ್ಚಿ ನೋಡ್ರಿ. ಸಹಿ ನಿಮ್ದಲ್ಲೇನು?"

ಸುತ್ತಲಿದ್ದ ವೆಲ್ಡರುಗಳು ಕಿಸಕ್ಕನೆ ನಕ್ಕರು. "ಇಂಜಿನಿಯರ್ ಸಾಹೇಬ್ರು ಬಾವಲಿ ಆಗ್ತಾರಲೇ!" "ನಾನು ಬಿ.ಇ. ಓದಿರೋದು ಜೋತುಬೀಳೋಕಲ್ಲ ಮೇಸ್ತ್ರಿ," ಅಂದೆ.

ಅವರು ಅಂಗೈ ಪಟ್ಟಿ ಬಿಚ್ಚಿ ಜೇಬಿಗಿಟ್ಟು, "ಹಂಗಾದ್ರ ನಾನ ನೋಡ್ತೀನಿ," ಅಂದರು. ಅರವತ್ತು ದಾಟಿದ ಮನುಷ್ಯ.

ಅವರನ್ನು ಸೀಟಿಗೆ ಬಿಗಿದು ತಲೆಕೆಳಗಾಗಿ ಎತ್ತಿದರು. ನೆಲದಿಂದ ಮೂರಡಿ ಎತ್ತರ. ಮೇಸ್ತ್ರಿ ಹೆಬ್ಬೆರಳಿಂದ ಗುಂಡಿ ಒತ್ತಿದರು. ಬಿಚ್ಚಲಿಲ್ಲ. ಎರಡೂ ಕೈಯಿಂದ ಒತ್ತಿದರು. ವೆಲ್ಡರುಗಳ ನಗು ನಿಂತಿತು. ಮೇಸ್ತ್ರಿಯ ಮುಖ ಕಪ್ಪಿಡುತ್ತಿತ್ತು. "ಇಳಸ್ರಲೇ!" ಅಂತ ನಾನು ಕೂಗುವುದಕ್ಕೂ ಬಕಲ್ ಫಟ್ಟನೆ ಬಿಡುವುದಕ್ಕೂ ಸರಿಹೋಯಿತು. ಬಲ ಭುಜ ಕೆಳಗಾಗಿ ಸಿಮೆಂಟಿನ ಮೇಲೆ ಬಿದ್ದರು.

ಸದ್ದು ಕೇಳಿ ಧಣಿ ಓಡಿ ಬಂದರು. "ಈ ಮುದುಕಗ ಸರ್ಕಸ್ ಮಾಡು ಅಂತ ಯಾರು ಹೇಳಿದ್ರು?"

ನಾನು ಬಾಯಿ ಬಿಡಲಿಲ್ಲ. ಮೇಸ್ತ್ರಿ ನೆಲದ ಮೇಲಿಂದಲೇ ಅಂದರು, "ಯಾರೂ ಇಲ್ರಿ ಧಣಿ. ನಂದೇ ಚಟ."

ಬಕಲ್ ಬದಲಾಯಿತು. ಅವರು ಹೇಳಿದ ನಮೂನೆಯನ್ನೇ ಧಣಿ ತರಿಸಿದರು. ಬೆಲ್ಟುಗಳನ್ನು ಮೇಸ್ತ್ರಿ ಎಡಗೈಯಲ್ಲಿ ತೋರಿಸುತ್ತಾ ಬೇರೆಯವರಿಂದ ಹೊಲಿಸಿದರು. ಆ ಬಲಗೈ ಮತ್ತೆ ಭುಜದಿಂದ ಮೇಲೇಳಲಿಲ್ಲ. ಸೂಜಿ ಒತ್ತುವ ಕಸುವು ಹೋಯಿತು. ಅಂಗಡಿಗೆ ಬಂದವರು ಏನಾಯಿತು ಅಂತ ಕೇಳಿದರೆ, "ವಿಮಾನದಾಗಿಂದ ಬಿದ್ನೆಪಾ" ಅನ್ನುತ್ತಿದ್ದರು. ಡ್ರೈವರುಗಳು ಬಿದ್ದು ಬಿದ್ದು ನಗುತ್ತಿದ್ದರು. ಅಲ್ಲೇ ಕೂತಿದ್ದರೆ ನಾನೂ ನಕ್ಕಂತೆ ಮಾಡುತ್ತಿದ್ದೆ.

ಧಣಿ ಕೆಲವು ಸಲ ವಿಮಾನ ಹಾರಿಸಿದರು. ಒಮ್ಮೆ ಇಳಿಯುವಾಗ ಚಕ್ರ ಮಣ್ಣಲ್ಲಿ ಹೂತು ವಿಮಾನ ಮಗುಚಿಕೊಂಡಿತು. ಧಣಿಯ ಎಡಗೈ ಮುರಿದಿತ್ತು. ಬಲಗೈಯಿಂದ ಬಕಲ್ ಎತ್ತಿ ಹೊರಗೆ ತೆವಳಿ ಬಂದರು. ಅವತ್ತೇ ಹೊಸಪೇಟೆಗೆ ಹೋಗಿ ಮೇಸ್ತ್ರಿಗೆ ಹೇಳಿದೆ.

"ಒಂದು ಕೈಲೆ ಬಿಚ್ಚಿದ್ರಾ?"

"ಹೌದು ಮೇಸ್ತ್ರಿ. ಒಂದೇ ಕೈಲಿ."

ನಾನು ಕ್ಷಮೆ ಕೇಳಬೇಕೆಂದೇ ಬಂದಿದ್ದೆ. ಅಷ್ಟರಲ್ಲಿ ಅವರು, "ಆ ಬೆಲ್ಟಿನ ಪಟ್ಟಿ ಬಿಚ್ಚಿ ಬಿಸಾಕ್ರಿ ಮತ್ತ. ಒಂದ್ಸಲ ಜಗ್ಗೈತಲ್ಲ, ಮರಿಯಂಗಿಲ್ಲ ಅದು," ಅಂದು ಚಹಾ ತರಿಸಿದರು. ಕ್ಷಮೆ ಕೇಳದೆಯೇ ಚಹಾ ಕುಡಿದು ಎದ್ದು ಬಂದೆ.

ಗಣಿಗಳು ನಿಂತ ಮೇಲೆ ಅವರ ಅಂಗಡಿಯೂ ಮುಚ್ಚಿತು. ಕೆಲವು ವರ್ಷಕ್ಕೆ ಮೇಸ್ತ್ರಿ ತೀರಿಕೊಂಡರು. ಸುದ್ದಿ ಕೇಳಿ ಹೋದಾಗ ಮನೆಯ ಮುಂದೆ ಹಳೇ ಡ್ರೈವರುಗಳು ಕೂತಿದ್ದರು. ಒಬ್ಬ ಕಣ್ಣೊರೆಸಿಕೊಳ್ಳುತ್ತಲೇ ನಗುತ್ತಿದ್ದ. "ಏನ್ ಸುಳ್ಳು ಹೊಡೀತಿದ್ದಪಾ ಮುದುಕ! ವಿಮಾನದಾಗಿಂದ ಬಿದ್ನಂತ!"

"ಸುಳ್ಳಲ್ರಿ," ಅಂದೆ. "ಖರೇನ ಬಿದ್ರು. ಅವತ್ತು ಜೋತುಬೀಳಬೇಕಾದವ ನಾನು."

ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿಯ ಮಗಳಿಗೂ ಅದು ಕೇಳಿಸಿತು.

"ಒಳಗ ಬರ್ರಿ," ಅಂದಳು. "ಇದನ್ನ ನಮ್ಮವ್ವನ ಮುಂದ ಹೇಳ್ರಿ."